ಹೊದ್ದು ಕೂತವರು

ಸೂರಪ್ಪನ ಮಗ್ಗದ ಮನೆಯಲ್ಲಿ ಕೆಲಸದವರಿಗೆಲ್ಲ ಸ್ಟೀಲ್ ಲೋಟದಲ್ಲಿ ಚಹ ಬರುತ್ತಿತ್ತು. ಜಗದಾಂಬಳಿಗೆ ಮಾತ್ರ ಪ್ಲಾಸ್ಟಿಕ್ ಕಪ್ಪು. ಕುಡಿದಾದ ಮೇಲೆ ಅದನ್ನು ಅವಳೇ ತೊಳೆದು ಕಿಟಕಿಯ ಮೊಳೆಗೆ ಸಿಕ್ಕಿಸಬೇಕಿತ್ತು. ಹೀಗೆ ಮಾಡೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅದು ತಾನಾಗಿಯೇ ರೂಢಿಯಾಗಿ ಹೋಗಿತ್ತು.

ಮೊಳಕಾಲ್ಮೂರಿನ ಆ ಬೀದಿಯಲ್ಲಿ ಮನೆಗೊಂದೆರಡು ರೇಷ್ಮೆ ಮಗ್ಗ. ಸೂರಪ್ಪನ ಹಜಾರದಲ್ಲಿ ನಾಲ್ಕಿದ್ದವು. ಜಗದಾಂಬ ಹಿಂದಿನ ಕೋಣೆಯಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ರಾಟೆಯಿಂದ ನೂಲು ಸುತ್ತುವ ಕೆಲಸ ಅದು. ಗೌರಸಮುದ್ರದಲ್ಲಿ ಅಪ್ಪ ತೀರಿಕೊಂಡ ಮೇಲೆ ಅವ್ವ ಬೋರಕ್ಕ ಮಗಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದಿದ್ದಳು. ಬೋರಕ್ಕ ಶೇಂಗಾ ಹೊಲಗಳಿಗೆ ಕೂಲಿಗೆ ಹೋದರೆ ಮಗಳು ರಾಟೆಯ ಮುಂದೆ ಕೂರುತ್ತಿದ್ದಳು.

ಹದಿನೈದನೇ ವಯಸ್ಸಿನಲ್ಲಿ ಜಗದಾಂಬಳ ಮೊಣಕೈ ಮೇಲೆ ಕೆಂಪು ದಡಿಕೆಯೊಂದು ಎದ್ದಿತ್ತು. ಆಮೇಲೆ ಮಂಡಿಗೆ ಬಂತು, ಮುಂಗೈಗೆ ಬಂತು. ಚರ್ಮ ದಪ್ಪಗಾಗಿ ಬಿರಿದು ಮೀನಿನ ಹುರುಪೆಯಂಥ ಬಿಳಿ ಪೊರೆ ಉದುರುತ್ತಿತ್ತು. ಮಾರಮ್ಮನ ಮುನಿಸು ಎಂದರು ಊರವರು. ಬೋರಕ್ಕ ಮಗಳಿಗೆ ಬೇವಿನ ಸೊಪ್ಪು ಉಡಿಸಿ ಗುಡಿ ಸುತ್ತಿಸಿದಳು. ರಾಯದುರ್ಗದ ನಾಟಿ ವೈದ್ಯನ ಎಣ್ಣೆ ಹಚ್ಚಿದಳು. ನೋಡಲು ಬಂದ ಎರಡು ಗಂಡಿನ ಕಡೆಯವರು ಕೈ ನೋಡಿ ಎದ್ದು ಹೋದರು. ಮೂರನೆಯವರು ಬರುವ ಮುಂಚೆ ಜಗದಾಂಬಳೇ ಹೇಳಿಬಿಟ್ಟಳು. "ಅವ್ವ, ಇನ್ನು ಯಾರನ್ನೂ ಕರೀಬ್ಯಾಡ. ಸಂತೆಗೆ ಎಮ್ಮೆ ಹೊಡ್ಕೊಂಡು ಹೋದಂಗೆ ನನ್ನ ತಿರುಗಿಸಿ ತೋರ್ಸೋದು ಸಾಕು."

ಎರಡು ಸಾವಿರದ ಒಂದನೇ ಇಸವಿಯ ಬೇಸಗೆಯಲ್ಲಿ ಬಳ್ಳಾರಿಯ ಸೀರೆ ಅಂಗಡಿಯವರೊಬ್ಬರು ಸೂರಪ್ಪನ ಮನೆಗೆ ಬಂದರು. ಕಪ್ಪು ನೂಲಿನ ಮೇಲೆ ಬಿದ್ದಿದ್ದ ಬಿಳಿ ಪೊರೆಯನ್ನು ಅವರು ಕಂಡರು, ನೂಲು ಹಿಡಿದಿದ್ದ ಕೈಯನ್ನೂ ಕಂಡರು. ಅವರು ಹೋದ ಮೇಲೆ ಸೂರಪ್ಪ ಕೋಣೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. ಕೆಟ್ಟ ಮನುಷ್ಯನಲ್ಲ. ಇರುಸುಮುರುಸಾದಾಗಲೆಲ್ಲ ಅವನ ಬಾಯಲ್ಲಿ ತೆಲುಗು ಬರುತ್ತಿತ್ತು.

"ಚೂಡಮ್ಮ, ಇಲ್ನೋಡು, ನಾಳೆಯಿಂದ ನೀನು ಇಲ್ಲಿಗೆ ಬರೋದು ಬ್ಯಾಡ. ನೂಲು ಮನೆಗೇ ಕಳಿಸ್ತೀನಿ. ಅಲ್ಲೇ ಸುತ್ತು. ಗಿರಾಕಿ ಕಣ್ಣಿಗೆ ಬೀಳಬಾರ್ದು, ಅಷ್ಟೇ."

"ನನ್ನ ಕೈ ಬೀಳಬಾರ್ದು, ನಾನು ಸುತ್ತಿದ ನೂಲು ಬೀಳಬಹುದು," ಎಂದಳು ಜಗದಾಂಬ.

ಅದೇ ತಿಂಗಳು ಈರೇಶ್ ಎಂಬುವನು ಬೈಕಿನಲ್ಲಿ ಊರೂರು ಸುತ್ತುತ್ತ ಮೊಳಕಾಲ್ಮೂರಿಗೂ ಬಂದ. ದೊಡ್ಡಉಳ್ಳಾರ್ತಿಯವನು, ಮೂವತ್ತರ ಆಸುಪಾಸು. ಬೆಂಗಳೂರಿನ ವಾಮನ ಡರ್ಮಾ ಎಂಬ ಔಷಧ ಕಂಪನಿ ಅವನನ್ನು ಚಳ್ಳಕೆರೆ ಸೀಮೆಗೆ ನೇಮಿಸಿತ್ತು. ಚಳ್ಳಕೆರೆಯಲ್ಲಿ ಚರ್ಮರೋಗದ ಶಿಬಿರ ಇದೆ, ದೊಡ್ಡ ಡಾಕ್ಟರು ಬರುತ್ತಾರೆ ಎಂದು ಅವನು ಬಸ್ ಸ್ಟ್ಯಾಂಡಿನಲ್ಲಿ ಚೀಟಿ ಹಂಚಿದ. ಬೋರಕ್ಕ ಒಂದು ಚೀಟಿ ಈಸಿಕೊಂಡು ಮಗಳ ಕೈಗಿಟ್ಟಳು.

ಶಿಬಿರ ನಡೆದದ್ದು ನಿಂತುಹೋದ ಎಣ್ಣೆ ಗಿರಣಿಯೊಂದರ ಗೋದಾಮಿನಲ್ಲಿ. ಒಳಗೆ ಇನ್ನೂ ಶೇಂಗಾ ಹಿಂಡಿಯ ವಾಸನೆ. ಗೋಡೆಗೆ ಒಬ್ಬ ಮುದುಕರ ಫೋಟೋ, ಅದಕ್ಕೆ ಗಂಧದ ಹಾರ. ಈರೇಶ್ ಫೋಟೋದ ಕೆಳಗೆ ನಿಂತು ಬಂದವರಿಗೆಲ್ಲ ಹೇಳಿದ. "ಇವರು ಡಾಕ್ಟರ್ ವಾಮನರಾಯರು. ಇವರಿಗೇ ಚರ್ಮದ ಕಾಯಿಲೆ ಇತ್ತು. ಅದಕ್ಕೇ ಈ ಕಂಪನಿ ಕಟ್ಟಿದ್ರು. ಸಾಯೋ ಮುಂಚೆ ಇಡೀ ಕಂಪನೀನ ಒಂದು ಪ್ರತಿಷ್ಠಾನಕ್ಕೆ ಬರೆದುಕೊಟ್ರು. ಈಗ ಈ ಕಂಪನಿಗೆ ಮಾಲೀಕ ಅಂತ ಯಾರೂ ಇಲ್ಲ. ಮಕ್ಕಳು ಮೊಮ್ಮಕ್ಕಳು ತಿನ್ನೋಂಗಿಲ್ಲ. ಬಂದ ಲಾಭ ಎಲ್ಲಾ ಚರ್ಮರೋಗ ಇರೋರಿಗೇ. ಹಂಗಾಗಿ ಇದು ನಿಮ್ಮದೇ ಕಂಪನಿ ಅಂತ ತಿಳ್ಕೊಳ್ರಿ."

ಡಾಕ್ಟರು ಒಬ್ಬ ಹೆಂಗಸು, ನಡುವಯಸ್ಸಿನವರು. ಅವರು ಜಗದಾಂಬಳ ಮುಂಗೈಯನ್ನು ಕೈಗವಸಿಲ್ಲದೆ ಹಿಡಿದು ಬೆಳಕಿಗೆ ತಿರುಗಿಸಿದರು. ಅವ್ವನನ್ನು ಬಿಟ್ಟರೆ ಬೇರೆಯವರು ತನ್ನ ಕೈ ಮುಟ್ಟಿ ಎಷ್ಟು ವರ್ಷವಾಯಿತೆಂದು ಅವಳು ಲೆಕ್ಕ ಹಾಕಲು ಹೋಗಿ ಬಿಟ್ಟಳು.

"ಇದು ಸೋರಿಯಾಸಿಸ್," ಎಂದರು ಡಾಕ್ಟರು. "ಕುಷ್ಠ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ. ನೀವೇನೂ ತಪ್ಪು ಮಾಡಿ ಬಂದಿದ್ದಲ್ಲ. ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳೋದಿಲ್ಲ, ಆದರೆ ಹತೋಟಿಯಲ್ಲಿ ಇಡಬಹುದು. ನಮ್ಮದು ಹೊಸ ಮುಲಾಮು. ಕೆಲಸ ಮಾಡುತ್ತಾ ಅಂತ ಒಂದು ವರ್ಷ ಪರೀಕ್ಷೆ ಮಾಡ್ತಿದ್ದೇವೆ. ಇಷ್ಟ ಇದ್ದರೆ ಸೇರಿಕೊಳ್ಳಿ, ಬೇಡ ಅನ್ನಿಸಿದ ದಿನ ಬಿಟ್ಟುಬಿಡಬಹುದು."

ಜಗದಾಂಬ ಸೇರಿಕೊಂಡಳು. ಅವಳ ಮೊಣಕೈ, ಮಂಡಿ, ಮುಂಗೈಗಳ ಫೋಟೋ ತೆಗೆದರು, ದಡಿಕೆಗಳನ್ನು ಅಳೆದು ಬರೆದುಕೊಂಡರು.

ಮರುದಿನ ಸೂರಪ್ಪ ಕಳಿಸಿದ್ದ ನೂಲಿನ ಗಂಟನ್ನು ಅವಳು ಮನೆಯಲ್ಲಿ ಬಿಚ್ಚಲಿಲ್ಲ. ಹೊತ್ತುಕೊಂಡು ಮಗ್ಗದ ಮನೆಗೇ ಹೋದಳು. ರಾಟೆಯ ಮುಂದೆ ಕೂತಳು. ಚಹ ಬಂದಾಗ ಎದ್ದು ತಟ್ಟೆಯಿಂದ ಒಂದು ಸ್ಟೀಲ್ ಲೋಟ ತೆಗೆದುಕೊಂಡು ಎಲ್ಲರೆದುರು ಕುಡಿದಳು. "ಇದು ಅಂಟೋ ಕಾಯಿಲೆ ಅಲ್ಲ ಅಂತ ಡಾಕ್ಟ್ರು ಹೇಳ್ಯಾರೆ," ಎಂದಳು. "ನಂಬಿಕೆ ಇಲ್ಲದೋರು ಚಳ್ಳಕೆರೆಗೆ ಹೋಗಿ ಕೇಳ್ಕೊಂಡು ಬರ್ರಿ." ನೇಯುತ್ತಿದ್ದವರ ಲಾಳಿಗಳು ನಿಂತವು. ಸೂರಪ್ಪ ಅವಳನ್ನೊಮ್ಮೆ ನೋಡಿದ, ಲೋಟವನ್ನೊಮ್ಮೆ ನೋಡಿದ, ಆಮೇಲೆ ಲೆಕ್ಕ ಬರೆಯಲು ಕೂತ. ಕಿಟಕಿಯ ಮೊಳೆಯಲ್ಲಿದ್ದ ಪ್ಲಾಸ್ಟಿಕ್ ಕಪ್ಪನ್ನು ಅವಳು ಸಂಜೆ ತಿಪ್ಪೆಗೆ ಎಸೆದು ಹೋದಳು.

ಮುಲಾಮು ಕೆಲಸ ಮಾಡಿತು. ಮೊದಲು ಪೊರೆ ಉದುರುವುದು ನಿಂತಿತು. ಆಮೇಲೆ ಕೆಂಪು ಮಾಸಿತು. ದಸರಾ ಕಳೆಯುವ ಹೊತ್ತಿಗೆ ಮುಂಗೈಯಲ್ಲಿ ಒಂದೆರಡು ಮಸುಕು ಗುರುತು ಬಿಟ್ಟರೆ ಏನೂ ಇರಲಿಲ್ಲ. ಬೋರಕ್ಕ ಮಗಳ ಕೈ ಹಿಡಿದುಕೊಂಡು ಎಳೆ ಮಗುವಿನ ಕೈಯಂತೆ ಸವರಿದಳು. ಜಗದಾಂಬ ಸೂರಪ್ಪನ ಮುಂದೆ ನಿಂತು, ಕಂಡಿಕೆ ಸುತ್ತಿದ್ದು ಸಾಕು, ನನಗೆ ಮಗ್ಗ ಕಲಿಸು ಎಂದಳು. ಮಗ್ಗಕ್ಕೆ ಕೂರುವವರು ಕಡಿಮೆಯಾಗುತ್ತಿದ್ದ ಕಾಲ. ಅವನು ಗೋಡೆಬದಿಯ ಮಗ್ಗ ಬಿಟ್ಟುಕೊಟ್ಟ.

ತಿಂಗಳಿಗೊಮ್ಮೆ ಅವಳು ಚಳ್ಳಕೆರೆಗೆ ಬಸ್ಸು ಹತ್ತುತ್ತಿದ್ದಳು. ಗೋದಾಮಿನ ಬೆಂಚಿನ ಮೇಲೆ ಕಾಯುತ್ತ ಕೂತವರೆಲ್ಲ ನಿಧಾನಕ್ಕೆ ಪರಿಚಯವಾದರು. ಉಳ್ಳಾರ್ತಿ ಕಾವಲಿನಲ್ಲಿ ಕುರಿ ಮೇಯಿಸುವ ಪೆದ್ದಣ್ಣ ಅರವತ್ತು ದಾಟಿದವನು. ಬೆನ್ನು ತುಂಬ ಕಾಯಿಲೆ, ಬಾಯಿ ತುಂಬ ಮಾತು. ಜಯಕ್ಕ ಚಳ್ಳಕೆರೆಯದೇ ಹೋಟೆಲೊಂದರಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಕೈಗೆ ಕಾಯಿಲೆ ಬಂದ ಮೇಲೆ ಅವಳನ್ನು ಪಾತ್ರೆ ತೊಳೆಯಲೂ ಇಟ್ಟುಕೊಂಡಿರಲಿಲ್ಲ. ಈಗ ಕೈ ನೆಟ್ಟಗಾಗಿ ಮತ್ತೆ ಒಲೆಯ ಮುಂದೆ ಕೂತಿದ್ದಳು. ಹೀಗೆ ಮೂವತ್ತಕ್ಕೂ ಮಿಕ್ಕಿ ಜನ. ಪ್ರತಿ ಸಲವೂ ಈರೇಶ್ ವಾಮನರಾಯರ ಫೋಟೋದ ಕೆಳಗೆ ಅದೇ ಮಾತು ಹೇಳುತ್ತಿದ್ದ. ಪೆದ್ದಣ್ಣ ಅವನ ಜೊತೆಗೇ ಮೆಲ್ಲಗೆ ಒಪ್ಪಿಸುತ್ತಿದ್ದ: "ಮಕ್ಕಳು ಮೊಮ್ಮಕ್ಕಳು ತಿನ್ನೋಂಗಿಲ್ಲ."

ಬೇಸಗೆ ಮತ್ತೆ ಹತ್ತಿರ ಬಂತು. ಒಂದು ದಿನ ಟ್ಯೂಬು ಕೊಡುವಾಗ ಈರೇಶ್ ಜಗದಾಂಬಳ ಮುಖ ನೋಡಲಿಲ್ಲ.

"ಏನಣ್ಣ?" ಎಂದಳು.

"ಏಪ್ರಿಲಿಗೆ ಮುಗೀತದೆ ಜಗದಾಂಬ. ಕೊನೇ ಸಲ ಅಳತೆ, ಫೋಟೋ. ಆಮ್ಯಾಲೆ ಟ್ಯೂಬು ಬರಲ್ಲ."

"ಅಂಗಡ್ಯಾಗೆ ಸಿಗುತ್ತಾ?"

"ಇನ್ನೂ ಒಂದೆರಡು ವರ್ಷ ಆಗ್ಬಹುದು. ಸಿಕ್ಕರೂ..." ಅವನು ರೇಟು ಹೇಳಿದ. ಒಂದು ತಿಂಗಳ ಮುಲಾಮಿಗೆ ಅವಳ ಒಂದು ತಿಂಗಳ ಕೂಲಿ ಸಾಲುತ್ತಿರಲಿಲ್ಲ.

ಅವಳು ನೇರವಾಗಿ ಡಾಕ್ಟರ ಮೇಜಿಗೆ ಹೋದಳು. "ಮೇಡಂ, ಹಚ್ಚೋದು ನಿಲ್ಸಿದ್ರೆ ಏನಾಗುತ್ತೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ವಾಪಸ್ ಬರುತ್ತೆ. ಕೆಲವರಿಗೆ ಕೆಲವೇ ವಾರದಲ್ಲಿ."

"ಇದು ನಿಮಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು. ಒಂದು ವರ್ಷ ಅಂತ ಮೊದಲೇ ಹೇಳಿದ್ದೆ. ಆದರೆ ಒಂದು ವರ್ಷದ ಮೇಲೆ ಏನು ಅಂತ ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ." ಅವರು ಮುಂದುವರಿಸಿದರು. "ಮುಂದಕ್ಕೂ ಕೊಡಿ ಅಂತ ಪ್ರತಿಷ್ಠಾನಕ್ಕೆ ಕೇಳಿದ್ದೇನೆ. ಆಗೋದಿಲ್ಲ ಅಂದರು. ಅದು ನನ್ನ ಕೈಯಲ್ಲಿ ಇಲ್ಲ."

"ಕೊನೇ ದಿನ ನಾವು ಅಳತೆ ಕೊಡದೇ ಹೋದ್ರೆ?"

ಡಾಕ್ಟರು ತಲೆಯೆತ್ತಿ ನೋಡಿದರು. ಆಮೇಲೆ ಅಳೆದು ತೂಗಿ ಹೇಳಿದರು. "ಕೊನೆಯ ಅಳತೆ ಇಲ್ಲದಿದ್ದರೆ ಈ ವರ್ಷದ ಕೆಲಸಕ್ಕೆ ಬೆಲೆ ಇರೋದಿಲ್ಲ. ಆದರೆ ನಿಮ್ಮನ್ನು ಯಾರೂ ಒತ್ತಾಯ ಮಾಡೋ ಹಾಗಿಲ್ಲ. ಬೇಡ ಅನ್ನೋ ಹಕ್ಕು ಮೊದಲಿನಿಂದಲೂ ನಿಮಗಿದೆ."

ಹೊರಗೆ ಬಂದಾಗ ಪೆದ್ದಣ್ಣ ಬೀಡಿ ಹಚ್ಚುತ್ತಿದ್ದ. ವಿಷಯ ಕೇಳಿ ಕಡ್ಡಿ ಆರಿಸಿದ. "ಬಾಯಾರಿದ ಕುರಿಗೆ ಅರ್ಧ ನೀರು ಕುಡಿಸಿ ಬಾವಿ ಮುಚ್ಚಿದಂಗಾತಲ್ಲವ್ವ."

"ಬಾವಿ ಮುಚ್ಚೋಕೆ ಬಿಡಬಾರ್ದು ಪೆದ್ದಣ್ಣ."

ಅಲ್ಲಿಂದ ಅವಳ ತಿರುಗಾಟ ಶುರುವಾಯಿತು. ಮಗ್ಗಕ್ಕೆ ರಜೆ ಇದ್ದ ದಿನಗಳಲ್ಲಿ ಬಸ್ಸಿನಲ್ಲಿ, ಎತ್ತಿನ ಗಾಡಿಯಲ್ಲಿ, ಉಳಿದಂತೆ ನಡೆದು, ಒಬ್ಬೊಬ್ಬರ ಮನೆಗೂ ಹೋದಳು. ಎಲ್ಲರಿಗೂ ಹೇಳಿದ್ದು ಒಂದೇ. ಕೊನೇ ದಿನ ಬನ್ನಿ, ಬರದೇ ಇರಬೇಡಿ. ಆದರೆ ಮೈ ತುಂಬ ಹೊದ್ದುಕೊಂಡು ಬನ್ನಿ. ಮುಂದಕ್ಕೂ ಮುಲಾಮು ಕೊಡುತ್ತೇವೆ ಅನ್ನುವವರೆಗೆ ಯಾರೂ ತೋರಿಸುವುದು ಬೇಡ.

ಒಪ್ಪಿಸುವುದು ಸುಲಭವಿರಲಿಲ್ಲ. ಗೌರಸಮುದ್ರದಲ್ಲಿ ಒಬ್ಬ ಗಂಡಸು ಅವಳನ್ನು ಅಂಗಳದಲ್ಲೇ ನಿಲ್ಲಿಸಿ ಬೈದ. "ಪುಕ್ಕಟೆ ಕೊಟ್ಟೋರಿಗೆ ಎದುರು ನಿಲ್ತಾರಾ? ಉಂಡ ಮನೆಗೆ ಎರಡು ಬಗೀಬಾರ್ದು." ಜಯಕ್ಕ ಒಲೆಯ ಮುಂದಿನಿಂದ ಏಳದೆ ರೊಟ್ಟಿ ತಟ್ಟುತ್ತಲೇ ಹೇಳಿದಳು. "ನನಗೆ ಈ ಕೆಲಸ ಬೇಕು ಜಗದಾಂಬ. ಕೈ ಮತ್ತೆ ಕೆಟ್ಟರೆ ನಾಳೆನೇ ಓಡಿಸ್ತಾರೆ. ಅವರ ಕಾಲು ಹಿಡಿದಾದ್ರೂ ಇನ್ನೊಂದಿಷ್ಟು ಟ್ಯೂಬು ತಗೊಳ್ಳೋಣ ಅಂತಿದೀನಿ."

"ಕಾಲು ಹಿಡಿದ್ರೆ ಎಷ್ಟು ಕೊಡ್ತಾರೆ ಅಕ್ಕ? ಒಂದು ತಿಂಗಳಿಗೆ? ಆಮ್ಯಾಲೆ ಮತ್ತೆ ಕಾಲು ಹುಡುಕ್ಕೊಂಡು ಹೋಗ್ತೀಯಾ?"

ಕಾವಲಿಯ ಮೇಲಿದ್ದ ರೊಟ್ಟಿ ಹೊತ್ತಿಹೋಗಿತ್ತು.

ಮನೆಯಲ್ಲಿ ಬೋರಕ್ಕ ಗೋಡೆಗೆ ಒರಗಿ ಕೂತಿದ್ದಳು. "ಹೆಸ್ರೇ ವಾಮನ ಕಣೆ. ಬಲಿ ಚಕ್ರವರ್ತೀನೇ ಅವನ ಮುಂದೆ ಪಾತಾಳಕ್ಕೆ ಹೋದ. ನೀನು ಯಾವೂರ ದಾಸಯ್ಯ? ಕೊಟ್ಟಿದ್ದನ್ನೂ ಕಿತ್ಕೊಂಡಾರು."

"ಬಲಿ ತಲೆ ಬಗ್ಗಿಸಿದ, ಅದಕ್ಕೇ ಕಾಲಿಟ್ಟ," ಎಂದಳು ಜಗದಾಂಬ. "ನಾನು ಬಗ್ಗಿಸಲ್ಲ ಅವ್ವ."

ಸುದ್ದಿ ಈರೇಶನ ಕಿವಿಗೂ ಬಿತ್ತು. ಅವನು ಸೂರಪ್ಪನ ಮನೆಯ ಹೊರಗೆ ಬೈಕು ನಿಲ್ಲಿಸಿ ಅವಳನ್ನು ಕರೆದ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. "ನನ್ನ ಕೆಲಸ ಹೋಗ್ತದೆ. ನನ್ನ ಮನೆಯಾಗೂ ಉಣ್ಣೋ ಬಾಯಿ ಅವೆ."

"ನಿನ್ನ ಮ್ಯಾಲೆ ನನಗೆ ಸಿಟ್ಟಿಲ್ಲಣ್ಣ. ಆದರೆ ಒಂದು ಕೇಳ್ತೀನಿ. ಇದು ನಿಮ್ಮದೇ ಕಂಪನಿ ಅಂತ ತಿಂಗಳಾ ತಿಂಗಳಾ ಹೇಳ್ತಿದ್ಯಲ್ಲ, ಅದು ನಿಜವೋ, ಸುಳ್ಳೋ?"

ಈರೇಶ್ ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತ. "ನಿಜ ಅಂತಲೇ ಹೇಳಿದ್ದೆ," ಎಂದ.

ಕೊನೆಯ ಅಳತೆಯ ದಿನ ಚಳ್ಳಕೆರೆಯ ಬಿಸಿಲು ಗೋದಾಮಿನ ತಗಡನ್ನು ಕಾಯಿಸುತ್ತಿತ್ತು. ಬೆಂಗಳೂರಿನಿಂದ ಪ್ರತಿಷ್ಠಾನದ ಕಾರ್ಯದರ್ಶಿಯೇ ಬಂದಿದ್ದರು. ಗೋವರ್ಧನ ಎಂದು ಹೆಸರು, ಬಿಳಿ ಅಂಗಿ, ಮೆತ್ತನೆಯ ಮಾತು. ಜೊತೆಗೆ ಒಬ್ಬ ಫೋಟೋಗ್ರಾಫರ್. ಅವರು ಒಳಗೆ ಕಾಲಿಟ್ಟಾಗ ಕಂಡದ್ದು ಸಾಲು ಬೆಂಚುಗಳ ಮೇಲೆ ಕತ್ತಿನಿಂದ ಪಾದದವರೆಗೆ ಹೊದ್ದು ಕೂತ ಜನ. ಯಾರೋ ದುಪ್ಪಟಿ, ಯಾರೋ ಹಳೇ ಸೀರೆ, ಯಾರೋ ಚಾದರ. ಪೆದ್ದಣ್ಣ ಮಾತ್ರ ತನ್ನ ಕರಿ ಕಂಬಳಿಯನ್ನೇ ಹೊದ್ದಿದ್ದ. ಉಣ್ಣೆ ಚುಚ್ಚಿ ಅವನ ಮುಖದಲ್ಲಿ ಬೆವರಿಳಿಯುತ್ತಿತ್ತು. ಆದರೂ ಅವನು ತೆಗೆಯಲಿಲ್ಲ.

"ಏನಿದು, ಏಪ್ರಿಲ್ ತಿಂಗಳಲ್ಲಿ ಚಳಿಯಾ?" ಎಂದರು ಗೋವರ್ಧನ ನಗುತ್ತ.

ಯಾರೂ ನಗಲಿಲ್ಲ. ಜಗದಾಂಬ ಎದ್ದು ನಿಂತಳು. "ಸೆಕೆ ಐತೆ ಸರ್. ಆದ್ರೂ ತೆಗೆಯಲ್ಲ."

"ಯಾಕಮ್ಮ?"

"ಇವತ್ತಿಂದ ಮುಲಾಮು ನಿಲ್ಲುತ್ತೆ ಅಂತೆ. ನಿಂತ್ರೆ ಕಾಯಿಲೆ ವಾಪಸ್ ಬರುತ್ತೆ ಅಂತ ಡಾಕ್ಟ್ರೇ ಹೇಳ್ಯಾರೆ. ಮುಂದಕ್ಕೂ ಕೊಡ್ತೀವಿ ಅನ್ರಿ, ಈಗಲೇ ತೆಗೀತೀವಿ."

ಗೋವರ್ಧನ ಕುರ್ಚಿ ಎಳೆದುಕೊಂಡು ಕೂತರು. "ನೋಡಮ್ಮ, ಒಂದು ವರ್ಷ ನಿಮಗೆ ಒಂದು ಪೈಸೆ ತಗೊಳ್ಳದೆ ಔಷಧ ಕೊಟ್ಟಿದ್ದೇವೆ. ಇಂಥ ಔಷಧ ದೊಡ್ಡ ದೊಡ್ಡ ಊರಿನವರಿಗೂ ಸಿಕ್ಕಿಲ್ಲ. ಅದಕ್ಕೆ ಇದಾ ಮರ್ಯಾದೆ?"

"ಪುಕ್ಕಟೆ ಕೊಟ್ಟಿಲ್ಲ ಸರ್. ಔಷಧ ನಿಮ್ದು, ಚರ್ಮ ನಮ್ದು. ಇದು ಕೆಲಸ ಮಾಡುತ್ತೋ, ಇದ್ದ ಚರ್ಮನೂ ಸುಡುತ್ತೋ ಅಂತ ಮೊದಲನೇ ದಿನ ನಿಮಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ನಮ್ಮ ಮೈಮ್ಯಾಲೆ. ನಾಳೆ ನೀವು ಇದನ್ನ ಊರೆಲ್ಲ ಮಾರೋದು ನಾವು ಹಚ್ಕೊಂಡು ತೋರ್ಸಿದ್ದಕ್ಕೆ."

"ಕಂಪನಿ ಅಂದ ಮೇಲೆ ಲೆಕ್ಕಾಚಾರ ಇರುತ್ತೆ..."

"ಕಂಪನಿ ಯಾರ್ದು ಸರ್?"

"ಪ್ರತಿಷ್ಠಾನದ್ದು."

"ಪ್ರತಿಷ್ಠಾನ ಯಾರ್ದು?"

ಜಗದಾಂಬ ಗೋಡೆಯ ಫೋಟೋದ ಕಡೆ ಕೈ ಮಾಡಿದಳು. ಹೊದ್ದಿದ್ದ ಸೀರೆಯ ಒಳಗಿನಿಂದಲೇ ಮಾಡಿದಳು. "ಮಾಲೀಕ ಇಲ್ಲ, ಲಾಭ ಎಲ್ಲಾ ಚರ್ಮರೋಗದೋರಿಗೆ ಅಂತ ಇಲ್ಲೇ ನಿಂತು ಹೇಳ್ತಿದ್ರು. ಆ ಚರ್ಮರೋಗದೋರು ಯಾರು ಅಂತ ಬ್ಯಾರೆ ದೇಶಕ್ಕೆ ಹೋಗಿ ಹುಡುಕ್ತೀರಾ? ಇಲ್ಲೇ ಕೂತಿದೀವಲ್ಲ."

ಗೋವರ್ಧನ ಈರೇಶನ ಕಡೆ ತಿರುಗಿದರು. "ಇದೆಲ್ಲ ನೀವು ಹೇಳಿದ್ದಾ?"

ಈರೇಶ್ ಬಾಗಿಲ ಬಳಿ ನಿಂತಿದ್ದ. "ಹೌದು ಸರ್. ಟ್ರೇನಿಂಗಿನಲ್ಲಿ ನೀವೇ ಹೇಳಿಕೊಟ್ಟಿದ್ದು."

ಡಾಕ್ಟರು ಮೇಜಿನ ಮೇಲಿನ ಕಾಗದಗಳನ್ನು ನೋಡುತ್ತ ಕೂತಿದ್ದರು. ಅವರ ತುಟಿಯ ಅಂಚು ಅಲುಗಿತು.

ಗೋವರ್ಧನ ಎದ್ದು ಜಗದಾಂಬಳನ್ನು ಗೋದಾಮಿನ ಆಚೆ, ಹಳೇ ತಕ್ಕಡಿಯ ಪಕ್ಕಕ್ಕೆ ಕರೆದರು. ದನಿ ಇನ್ನಷ್ಟು ಮೆತ್ತಗಾಯಿತು. ಎಲ್ಲರಿಗೂ ಕೊಡುವುದು ಸಾಧ್ಯವಿಲ್ಲ, ಇಲ್ಲಿ ಕೊಟ್ಟರೆ ಎಲ್ಲ ಕಡೆ ಕೊಡಬೇಕಾಗುತ್ತದೆ ಎಂದರು. ಆದರೆ ಅವಳು ಬುದ್ಧಿವಂತೆ, ಅವಳಿಗೆ ಬೇಕಾದಷ್ಟು ದಿನ ಟ್ಯೂಬು ಮನೆಗೇ ಬರುವಂತೆ ತಾವು ಸ್ವಂತ ಜವಾಬ್ದಾರಿಯಿಂದ ನೋಡಿಕೊಳ್ಳುವುದಾಗಿ ಹೇಳಿದರು. ಉಳಿದವರಿಗೆ ಅವಳು ಒಂದು ಮಾತು ಹೇಳಿದರೆ ಸಾಕು.

ಜಗದಾಂಬ ತನ್ನ ಕೈ ನೋಡಿಕೊಂಡಳು. ನುಣುಪಾದ ಮುಂಗೈ. ಒಂದು ವರ್ಷದಿಂದ ಅವಳಿಗೆ ಅದರ ಮೇಲೆ ಎಷ್ಟು ಆಸೆ ಹುಟ್ಟಿತ್ತೆಂದು ಅವಳಿಗೇ ಆಗ ತಿಳಿಯಿತು. ಕೈಯನ್ನು ಸೀರೆಯೊಳಗೆ ಸೇರಿಸಿಕೊಂಡು ಒಳಗೆ ಬಂದಳು. ಎಲ್ಲರ ಕಣ್ಣೂ ಅವಳ ಮೇಲಿತ್ತು.

"ಸಾಹೇಬ್ರು ನನಗೊಬ್ಬಳಿಗೆ ಟ್ಯೂಬು ಕೊಡ್ತಾರಂತೆ," ಎಂದಳು ದೊಡ್ಡದಾಗಿ. "ನೀವೆಲ್ಲ ಹೊದ್ದಿದ್ದು ತೆಗೀಬೇಕಂತೆ. ಏನಂತೀರಿ?"

ಪೆದ್ದಣ್ಣ ಕಂಬಳಿಯೊಳಗಿಂದ ಗದ್ದ ಎತ್ತಿದ. "ತಗಳವ್ವ ತಗ. ನಾವೆಲ್ಲ ನಿಮ್ಮ ಮನೆಗೆ ಬರ್ತೀವಿ, ಒಂದೊಂದು ಬೊಟ್ಟು ಸವರು."

ನಗು ಎದ್ದಿತು. ಅಲ್ಲಿಯವರೆಗೆ ಬಿಗಿಹಿಡಿದು ಕೂತವರೆಲ್ಲ ನಕ್ಕರು. ಗೋವರ್ಧನ ಬಾಗಿಲಲ್ಲಿ ಕೆಂಪಗಾಗಿ ನಿಂತಿದ್ದರು. "ಸರಿ," ಎಂದರು. "ಇಷ್ಟ ಇದ್ದವರು ಮುಂದೆ ಬನ್ನಿ. ಅವರ ಅಳತೆ ತಗೊಳ್ಳೋಣ. ಉಳಿದವರನ್ನು ಬಿಟ್ಟುಬಿಡಿ."

ಗೌರಸಮುದ್ರದ ಆ ಗಂಡಸು ಎದ್ದ. ಅವನ ಹಿಂದೆ ಇನ್ನಿಬ್ಬರು. ಜಗದಾಂಬ ಅವರನ್ನು ತಡೆಯಲಿಲ್ಲ. ಫೋಟೋಗ್ರಾಫರ್ ಕ್ಯಾಮೆರಾ ಎತ್ತಿದ. ಗೋವರ್ಧನ ಬೆಂಚಿನ ತುದಿಯಲ್ಲಿದ್ದ ಜಯಕ್ಕನ ಮುಂದೆ ಬಗ್ಗಿದರು. "ನಿಮ್ಮ ಕೈ ಎಷ್ಟು ಚೆನ್ನಾಗಿ ಗುಣವಾಗಿದೆ ಅಂತ ಡಾಕ್ಟರು ಹೇಳಿದ್ದರು. ತೋರಿಸಿ ತಾಯಿ."

ಜಯಕ್ಕ ಅವರನ್ನು ನೋಡಿದಳು, ಜಗದಾಂಬಳನ್ನು ನೋಡಿದಳು. ಆಮೇಲೆ ಚಾದರದ ಅಂಚನ್ನು ಎಳೆದು ಗದ್ದದವರೆಗೆ ಮುಚ್ಚಿಕೊಂಡಳು. "ತೋರ್ಸಲ್ಲ ಸ್ವಾಮಿ," ಎಂದಳು. "ಈ ಕೈನ ನಿಮ್ಮ ಫೋಟೋಕ್ಕೆ ಅಂತ ಮಾಡ್ಕೊಂಡಿಲ್ಲ, ರೊಟ್ಟಿ ತಟ್ಟೋಕೆ ಅಂತ ಮಾಡ್ಕೊಂಡೀನಿ."

ಆಮೇಲೆ ಯಾರೂ ಏಳಲಿಲ್ಲ. ಸಂಜೆ ತಗಡು ತಣ್ಣಗಾಗುವವರೆಗೆ ಹಾಗೇ ಕೂತರು. ಕಾರು ಬೆಂಗಳೂರಿನ ಕಡೆ ಹೊರಟ ಮೇಲೆ ಪೆದ್ದಣ್ಣ ಕಂಬಳಿ ಕಿತ್ತೆಸೆದು, ಗೋದಾಮಿನ ಹಿಂದಿನ ಬಾವಿಯಿಂದ ನೀರು ಸೇದಿ ಬೆನ್ನ ಮೇಲೆ ಸುರಿದುಕೊಂಡ.

ಗೆದ್ದೆವೋ ಸೋತೆವೋ ಎಂದು ಯಾರಿಗೂ ತಿಳಿಯಲಿಲ್ಲ. ಏಕೆಂದರೆ ಆಮೇಲೆ ಏನೂ ಆಗಲಿಲ್ಲ. ಟ್ಯೂಬುಗಳು ಖಾಲಿಯಾದವು. ಈರೇಶ್ ಕಾಣಲಿಲ್ಲ. ಗೋದಾಮಿಗೆ ಬೀಗ ಬಿತ್ತು. ಮೊದಲ ಮಳೆ ಬೀಳುವ ಹೊತ್ತಿಗೆ ಜಗದಾಂಬಳ ಮೊಣಕೈಯಲ್ಲಿ ಕೆಂಪು ಕಂಡಿತು, ಆಮೇಲೆ ಮುಂಗೈಯಲ್ಲಿ. ಬೆಳಿಗ್ಗೆ ಹಾಸಿಗೆಯಲ್ಲಿ ಬಿಳಿ ಪೊರೆ ನೋಡಿ ಅವಳು ಗೋಡೆಯ ಕಡೆ ತಿರುಗಿ ಅತ್ತಳು. ಬೋರಕ್ಕ ಬೈಯುತ್ತಾಳೆಂದುಕೊಂಡಿದ್ದಳು. ಬೋರಕ್ಕ ಕೊಬ್ಬರಿ ಎಣ್ಣೆ ಬಟ್ಟಲು ತಂದು ಪಕ್ಕದಲ್ಲಿ ಕೂತಳು. "ಆ ಟ್ಯೂಬು ಒಬ್ಬಳೇ ಇಟ್ಕೊಂಡಿದ್ರೆ ನಿನ್ನ ಮುಖ ನಾನು ನೋಡ್ತಿರಲಿಲ್ಲ," ಎಂದಳು, ಕೈಗೆ ಎಣ್ಣೆ ಸವರುತ್ತ.

ಮಗ್ಗದ ಮನೆಯಲ್ಲಿ ಸೂರಪ್ಪ ಆ ಕೈಗಳನ್ನು ನೋಡಿ ಮತ್ತೆ ಗಂಟಲು ಸರಿಮಾಡಿಕೊಂಡ. "ಏಮ್ಮಾ, ಬಳ್ಳಾರಿಯೋರು ಮುಂದಿನ ವಾರ ಬರ್ತಾರೆ..."

"ಬರ್ಲಿ," ಎಂದಳು ಜಗದಾಂಬ, ಲಾಳಿ ನಿಲ್ಲಿಸದೆ. "ನಾನು ಮಗ್ಗದಿಂದ ಏಳಲ್ಲ ಸೂರಪ್ಪಣ್ಣ. ಕೈ ಯಾಕೆ ಹಿಂಗಾಗೈತೆ ಅಂತ ಅವರು ಕೇಳಿದ್ರೆ ನಾನೇ ಹೇಳ್ತೀನಿ. ಸೀರೆಯಾಗೆ ತಪ್ಪಿದ್ರೆ ತೋರ್ಸು, ಬಿಚ್ಚಿ ಮತ್ತೆ ನೇಯ್ತೀನಿ. ಕೈಯಾಗೆ ತಪ್ಪು ಹುಡುಕಬ್ಯಾಡ."

ಬಳ್ಳಾರಿಯವರು ಬಂದರು. ಕೇಳಿದರು. ಅವಳು ಹೇಳಿದಳು. ಅವರಿಗೆ ಅದು ಇಷ್ಟವಾಗಲಿಲ್ಲ, ಮುಖ ಗಂಟಿಕ್ಕಿಕೊಂಡೇ ಸೀರೆ ಮಡಿಸಿ ನೋಡಿದರು. ಅಂಚು ನೆಟ್ಟಗಿತ್ತು. ಸೀರೆ ತೆಗೆದುಕೊಂಡು ಹೋದರು. ಸೂರಪ್ಪ ಬಾಗಿಲವರೆಗೆ ಹೋಗಿ ಅವರನ್ನು ಕಳಿಸಿ ಬಂದು, "ಪರವಾಲೇದು," ಎಂದು ತನಗೆ ತಾನೇ ಹೇಳಿಕೊಂಡ. ಅವಳ ಕೈಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಜಯಕ್ಕನಿಗೆ ಅಷ್ಟು ಅದೃಷ್ಟವಿರಲಿಲ್ಲ. ಅವಳ ಹೋಟೆಲಿನವರು ಕೈ ಕಂಡ ದಿನವೇ ಲೆಕ್ಕ ಚುಕ್ತಾ ಮಾಡಿದರು. ಅವಳು ಬಸ್ ಸ್ಟ್ಯಾಂಡಿನ ಹಿಂದೆ ತಾನೇ ಒಲೆ ಹೂಡಿ, ಅಣ್ಣನ ಹೆಂಡತಿಯಿಂದ ರೊಟ್ಟಿ ತಟ್ಟಿಸಿ ಮಾರತೊಡಗಿದಳು.

ದೀಪಾವಳಿಗೆ ಮುಂಚೆ ಈರೇಶ್ ಬಂದ. ಬೈಕು ಇರಲಿಲ್ಲ, ಬಸ್ಸಿನಲ್ಲಿ ಬಂದಿದ್ದ. ಅವನನ್ನು ಕೆಲಸದಿಂದ ತೆಗೆದಿದ್ದರು. ಆದರೆ ಡಾಕ್ಟರು ಅವನಿಗೆ ಫೋನು ಮಾಡಿದ್ದರಂತೆ. ಅಷ್ಟು ಜನರ ಕೊನೆಯ ಅಳತೆಯಿಲ್ಲದೆ ಮುಲಾಮಿಗೆ ಸರ್ಕಾರದ ಮಂಜೂರಾತಿ ಸಿಗುವ ಹಾಗಿರಲಿಲ್ಲ. ಡಾಕ್ಟರು ಪ್ರತಿಷ್ಠಾನದ ಸಭೆಗೇ ಹೋಗಿ, ವಾಮನರಾಯರು ಕಂಪನಿಯನ್ನು ಯಾಕೆ ಬಿಟ್ಟುಕೊಟ್ಟರೆಂದು ಒಬ್ಬೊಬ್ಬರನ್ನೂ ಕೇಳಿದ್ದರು. ಮೂರು ಸಭೆಗಳಾದ ಮೇಲೆ ಟ್ರಸ್ಟಿಗಳು ಒಪ್ಪಿದ್ದರು. ಪರೀಕ್ಷೆಯಲ್ಲಿದ್ದ ಎಲ್ಲರಿಗೂ, ಎದ್ದು ಹೋಗಿ ಅಳತೆ ಕೊಟ್ಟ ಮೂವರಿಗೂ, ಬೇಕಿರುವಷ್ಟು ಕಾಲ ಮುಲಾಮು. ಚಳ್ಳಕೆರೆಯಲ್ಲೇ, ತಿಂಗಳಿಗೊಂದು ದಿನ.

"ನಿನ್ನ ಕೆಲಸ?" ಎಂದಳು ಜಗದಾಂಬ.

"ಹೋದದ್ದು ಹೋಯ್ತು. ಚಳ್ಳಕೆರ್ಯಾಗೆ ಮೆಡಿಕಲ್ ಶಾಪಿಗೆ ಸೇರೀನಿ." ಅವನು ಬೇಸರವನ್ನು ಮುಚ್ಚಿಡಲಿಲ್ಲ. "ನೀನು ಗೆದ್ದೆ, ನಾನು ಹೋದೆ. ಇರ್ಲಿ, ಸುಳ್ಳು ಹೇಳಿದೋನು ಅಂತ ಅನ್ನಿಸ್ಕೊಳ್ಳಲಿಲ್ಲವಲ್ಲ."

ಜಗದಾಂಬ ಅವನನ್ನು ಒಳಗೆ ಕರೆದು ಊಟಕ್ಕಿಟ್ಟಳು.

ಗೋದಾಮಿನ ಬೀಗ ತೆಗೆದ ದಿನ ಎಲ್ಲರೂ ತೋಳು ಬಿಟ್ಟುಕೊಂಡು, ಕಾಯಿಲೆ ಮರಳಿ ಬಂದ ಮೈಯಲ್ಲೇ ಬಂದರು. ಡಾಕ್ಟರು ಒಬ್ಬೊಬ್ಬರದೂ ಅಳೆದರು. ಮುಲಾಮು ನಿಲ್ಲಿಸಿದರೆ ಏನಾಗುತ್ತದೆಂಬುದೂ ದಾಖಲಾಗಲಿ ಎಂದರು. ಫೋಟೋ ತೆಗೆಯುವಾಗ ಕೈ ಮಾತ್ರ ಸಾಕು ಎಂದ ಫೋಟೋಗ್ರಾಫರನಿಗೆ ಜಗದಾಂಬ, "ಮುಖನೂ ತಗಿ," ಎಂದಳು. "ಈ ಕೈ ಯಾರದು ಅಂತ ಗೊತ್ತಾಗ್ಲಿ."

ಟ್ಯೂಬು ತೆಗೆದುಕೊಂಡು ಹೊರಡುವಾಗ ಬಾಗಿಲ ಬಳಿ ಒಬ್ಬ ಹೆಂಗಸು ನಿಂತಿದ್ದಳು. ತಲೆಯ ಮೇಲಿನ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು. ಹಣೆಯಂಚಿನಲ್ಲಿ ಅದೇ ಬಿಳಿ ಪೊರೆ. ತನ್ನ ಹೆಸರು ದುರುಗಕ್ಕ, ಕಾವಲಿನ ಆಚೆಯ ಹಟ್ಟಿಯವಳು, ಸುದ್ದಿ ಕೇಳಿ ನಡೆದು ಬಂದೆ ಎಂದಳು. ಕಂಪನಿಯ ಹೊಸ ಹುಡುಗ ಅವಳನ್ನು ವಾಪಸು ಕಳಿಸುತ್ತಿದ್ದ. ಪರೀಕ್ಷೆಯಲ್ಲಿ ಇದ್ದವರಿಗೆ ಮಾತ್ರ, ಬೇರೆಯವರಿಗೆ ಆದೇಶವಿಲ್ಲ ಎನ್ನುತ್ತಿದ್ದ.

ಜಗದಾಂಬ ದುರುಗಕ್ಕನ ಕೈ ಹಿಡಿದು ಒಳಗೆ ಕರೆತಂದು ಮುಂದಿನ ಬೆಂಚಿನ ಮೇಲೆ ಕೂರಿಸಿದಳು. ತಾನೂ ಪಕ್ಕದಲ್ಲಿ ಕೂತಳು. ಹೊರಗೆ ಬಸ್ಸಿಗೆ ಹೊರಟಿದ್ದ ಪೆದ್ದಣ್ಣ ಇಣುಕಿ ನೋಡಿ, ಏನೂ ಕೇಳದೆ ಬಂದು ಅವರ ಪಕ್ಕ ಕೂತ. ಆಮೇಲೆ ಜಯಕ್ಕ.

"ನಿಮಗೆಲ್ಲ ಕೊಟ್ಟಾಯ್ತಲ್ಲ," ಎಂದ ಹುಡುಗ ಗಾಬರಿಯಿಂದ. "ಇನ್ನೇನು ಬೇಕು?"

"ನಿಮ್ಮ ಸಾಹೇಬ್ರಿಗೆ ಫೋನ್ ಹಚ್ಚಪ್ಪ," ಎಂದಳು ಜಗದಾಂಬ. "ಚಳ್ಳಕೆರ್ಯಾಗೆ ಮತ್ತೆ ಕೂತವ್ರೆ ಅಂತ ಹೇಳು."